ಆಟದ ಬಯಲಿನಲ್ಲಿ ಹೆಣ್ಣುಮಕ್ಕಳ ಪಾಲು

(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ವ್ಯಾಕರಣವನ್ನೋದಿ ವಚನಗಳ ಪಾಠ ಹೇಳುತ್ತ ಬಂದ ನನ್ನಂಥವನಿಗೆ ಆಟದ ವಿಷಯವೇತಕ್ಕೆಂದು ಕೆಲವರಿಗೆ ತೋರಬಹುದು. ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಶ್ರೀಗಳವರ ಅಪ್ಪಣೆಯಾದಾಗ, ಆ ಶಿಕ್ಷಣದಲ್ಲಿ ನಾವು ಬಿಟ್ಟುಬಂದ ಭಾಗವನ್ನೇ ಎತ್ತಿಕೊಳ್ಳುವದು ಉಚಿತವೆಂದು ಎಣಿಸಿದೆನು. ಇದಕ್ಕೆ ನನ್ನದೇ ಒಂದು ತಪ್ಪು ಕಾರಣವಾಗಿರುವದರಿಂದ ಮೊದಲು ಅದನ್ನು ಒಪ್ಪಿಕೊಳ್ಳುವೆನು.

ಸುಮಾರು ಇಪ್ಪತ್ತು ವರುಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಏಳನೆಯ ತರಗತಿಯ ಬಾಲಿಕೆಯೊಬ್ಬಳು ಬಂದು, “ಗುರುಗಳೇ, ಸಂಜೆ ಹುಡುಗರಂತೆ ನಮಗೂ ಖೋ-ಖೋ ಆಡಲು ಬಯಲು ಕೊಡಿಸಿರಿ” ಎಂದು ಕೇಳಿಕೊಂಡಳು. ನಾನು, “ದೀಪ ಹಚ್ಚುವ ಹೊತ್ತಾಯಿತು, ಮನೆಗೆ ಹೋಗು ತಾಯಿ” ಎಂದೆನು. ಹುಡುಗರು ಅದೇ ಹೊತ್ತಿನಲ್ಲಿ ಆಡುತ್ತಲೇ ಇದ್ದರು. ಅವಳು ಎದುರಾಡಲಿಲ್ಲ, ಮತ್ತೆಂದೂ ಕೇಳಲಿಲ್ಲ. ನನ್ನ ಮಾತು ಕಠೋರವಾಗಿರಲಿಲ್ಲ. ಆದುದರಿಂದಲೇ ಅದು ಅನ್ಯಾಯವೆಂಬದು ನನಗೆ ಬಹುಕಾಲ ತಿಳಿಯಲಿಲ್ಲ.

ಇಂಥ ತಪ್ಪು ಲೋಕದ ದೊಡ್ಡ ಸಭೆಗಳಲ್ಲಿಯೂ ನಡೆದಿರುವದು. 1896ರಲ್ಲಿ ಅಥೆನ್ಸ್ ನಗರದಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. 1928ರಲ್ಲಿ ಅವರಿಗೆ 800 ಮೀಟರು ಓಟವನ್ನು ಕೊಟ್ಟು, ಕೊನೆಯಲ್ಲಿ ಕೆಲವರು ಬಳಲಿದರೆಂಬ ನೆವದಿಂದ ಅದನ್ನು ಹಿಂತೆಗೆದುಕೊಂಡರು. 1960ರ ವರೆಗೆ ಆ ಓಟವು ಅವರಿಗೆ ಮರಳಿ ದೊರೆಯಲಿಲ್ಲ. ಬಳಲಿಕೆಯು ಗಂಡಸರಿಗೂ ಉಂಟಷ್ಟೆ. ಅವರ ಓಟವನ್ನು ಯಾರೂ ನಿಲ್ಲಿಸಲಿಲ್ಲ! ಸ್ತ್ರೀಯರ ಮ್ಯಾರಥಾನ್ ಓಟವು ಒಲಿಂಪಿಕ್ಸಿಗೆ ಸೇರಿದ್ದು 1984ರಲ್ಲಿ. ಸ್ತ್ರೀಪುರುಷರಿಗೆ ಸಮಸಂಖ್ಯೆಯ ಸ್ಥಾನಗಳನ್ನು ನಿಗದಿಮಾಡಿದ್ದು 2024ರ ಪ್ಯಾರಿಸ್ ಕ್ರೀಡೆಗಳಲ್ಲಿ.

ಅವಕಾಶ ದೊರೆತಲ್ಲಿ ನಮ್ಮ ಹೆಣ್ಣುಮಕ್ಕಳು ಹಿಂದುಳಿದಿಲ್ಲ. 1976ರಲ್ಲಿ ಭಾರತದ ಸ್ತ್ರೀಯರು ಮೊದಲ ಟೆಸ್ಟ್ ಕ್ರಿಕೆಟ್ ಪಂದ್ಯವನ್ನಾಡಿದಾಗ ನಾಯಕಿಯಾಗಿದ್ದವರು ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು. 2000ದಲ್ಲಿ ಕರ್ಣಂ ಮಲ್ಲೇಶ್ವರಿಯವರು ಭಾರ ಎತ್ತುವ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿ, ಒಲಿಂಪಿಕ್ ಪದಕ ತಂದ ಮೊದಲ ಭಾರತೀಯ ಮಹಿಳೆಯಾದರು. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು ಕೇವಲ 15 ಓಟಗಳನ್ನಿತ್ತು ಐವರನ್ನು ಔಟು ಮಾಡಿದರು. 2022ರಲ್ಲಿ ಭಾರತದ ಕ್ರಿಕೆಟ್ ಮಂಡಳಿಯು ರಾಷ್ಟ್ರತಂಡದ ಸ್ತ್ರೀಪುರುಷರಿಗೆ ಸಮನಾದ ಪಂದ್ಯಶುಲ್ಕವನ್ನು ಸಾರಿತು. 2025ರಲ್ಲಿ ನಮ್ಮ ಸ್ತ್ರೀಯರು ವಿಶ್ವಕಪ್ಪನ್ನೇ ಗೆದ್ದರು. ಶುಲ್ಕದ ಸಮಾನತೆಯು ಮೇಲಿನಿಂದ ಬಂದಿತು. ಬಯಲಿನ ಸಮಾನತೆಯಾದರೋ ನಮ್ಮ ನಮ್ಮ ಊರುಗಳಿಂದಲೇ ಬರತಕ್ಕದ್ದು.

“ಮೈನೆರೆದ ಹುಡುಗಿಗೆ ಆಟವೇಕೆ?” ಎಂದು ಹಿರಿಯರು ಕೇಳುವರು. 5ರಿಂದ 17 ವರುಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಅಂಗಸಾಧನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಾಗ ಗಂಡು ಹೆಣ್ಣೆಂಬ ಭೇದವನ್ನೆಣಿಸಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರುಷದ ಸ್ತ್ರೀಯರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆಯುಂಟು. ಆಟವೊಂದರಿಂದಲೇ ರಕ್ತವು ಹೆಚ್ಚಲಾರದು. ಆದರೆ ಮಗಳನ್ನು ಆಟಕ್ಕೆ ಕಳುಹಿಸುವ ತಾಯಿಯು ಅವಳ ತಟ್ಟೆಯನ್ನೂ ನೋಡುವಳು; ಎಲ್ಲರೂ ಉಂಡ ಮೇಲೆ ಉಳಿದುದನ್ನು ಅವಳಿಗೆ ಬಡಿಸುವ ರೂಢಿಯೂ ಸಡಿಲುವದು.

“ಇದು ಸಂಪ್ರದಾಯವಲ್ಲ” ಎನ್ನುವವರಿಗೆ ನಾನು ಸಂಪ್ರದಾಯವನ್ನೇ ನೆನಪಿಸುವೆನು. ಅಕ್ಕನಾಗಮ್ಮನಿಗಿಲ್ಲದ ಉಪನಯನವು ತನಗೂ ಬೇಡವೆಂದು ಬಾಲಕ ಬಸವಣ್ಣನವರು ಹೊರನಡೆದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತ ಬಂದಿರುವೆವು. ಇಷ್ಟಲಿಂಗವನ್ನು ಹೆಣ್ಣಿಗೂ ಗಂಡಿಗೂ ಸಮನಾಗಿಯೇ ಕಟ್ಟುವೆವು. ಲಿಂಗವನ್ನು ಧರಿಸಿದ ಕಾಯವು ಪ್ರಸಾದಕಾಯವೆಂದ ಮೇಲೆ, ಆ ಕಾಯವನ್ನು ದೃಢವಾಗಿ ಇಟ್ಟುಕೊಳ್ಳುವ ಅಧಿಕಾರವು ಒಬ್ಬರಿಗುಂಟು, ಒಬ್ಬರಿಗಿಲ್ಲವೆನ್ನುವದು ಹೇಗೆ?

ಆದುದರಿಂದ ಈ ಮಹೋತ್ಸವದ ಸ್ಮರಣಾರ್ಥವಾಗಿ ನಾಲ್ಕು ಕಾರ್ಯಗಳನ್ನು ಕೈಕೊಳ್ಳಬೇಕೆಂದು ವಿಜ್ಞಾಪಿಸುವೆನು. ಮಠದ ಶಾಲೆಯ ಬಯಲನ್ನು ವಾರದಲ್ಲಿ ಮೂರು ಸಂಜೆ ಹುಡುಗಿಯರಿಗೇ ಬಿಟ್ಟುಕೊಡತಕ್ಕದ್ದು. ಬಯಲಿನ ಬದಿಯಲ್ಲಿ ಅವರು ಉಡುಪು ಬದಲಿಸುವ ಕೋಣೆಯನ್ನೂ ನೀರಿನ ಸೌಕರ್ಯವುಳ್ಳ ಶೌಚಗೃಹವನ್ನೂ ಕಟ್ಟಿಸತಕ್ಕದ್ದು. ಇದಿಲ್ಲದೆ ಬಯಲನ್ನು ಕೊಟ್ಟರೂ ಕೊಡದಂತೆಯೇ ಸರಿ. ಆಟ ಕಲಿಸಲು ಒಬ್ಬ ಶಿಕ್ಷಕಿಯನ್ನು ನೇಮಿಸಿ, ದೂರದ ಹುಡುಗಿಯರು ಮನೆಗೆ ಸುಖವಾಗಿ ಮುಟ್ಟುವಂತೆ ವ್ಯವಸ್ಥೆ ಮಾಡತಕ್ಕದ್ದು. ಜಾತ್ರೆಯಲ್ಲಿ ಹುಡುಗರಿಗೆ ಕುಸ್ತಿ, ಹುಡುಗಿಯರಿಗೆ ರಂಗವಲ್ಲಿ ಮಾತ್ರವೆಂಬ ಕ್ರಮವನ್ನು ಬಿಟ್ಟು, ಅವರಿಗೂ ಓಟ, ಖೋ-ಖೋ, ಕಬಡ್ಡಿಗಳನ್ನೇರ್ಪಡಿಸಿ, ಬಹುಮಾನವನ್ನು ಸಮನಾಗಿ ಕೊಡತಕ್ಕದ್ದು.

ಅಂದು ನಾನು ಮನೆಗೆ ಕಳುಹಿಸಿದ ಬಾಲಿಕೆಯು ಈಗ ತಾಯಿಯಾಗಿರಬಹುದು. ಅವಳ ಮಗಳು ಬಂದು ಕೇಳುವದಕ್ಕೆ ಮೊದಲೇ ನಮ್ಮ ಬಯಲಿನ ಬಾಗಿಲು ತೆರೆದಿರಲೆಂದು ಪ್ರಾರ್ಥಿಸುವೆನು.