ಮರಿ ಬಂದ ಐದನೆಯ ದಿನ

ಹೀಗೊಂದು ಮನೆ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ. ಗಂಡ, ಹೆಂಡತಿ, ಎಂಟನೆಯ ತರಗತಿಯ ಮಗಳು, ಊರಿನಿಂದ ಬಂದು ನೆಲೆಸಿದ ಅಜ್ಜಿ. ಮಗಳ ಎರಡು ವರ್ಷದ ಹಟಕ್ಕೆ ಮಣಿದು ಒಂದು ಭಾನುವಾರ ಎಲ್ಲರೂ ಪ್ರಾಣಿಗಳ ಆಶ್ರಯಧಾಮಕ್ಕೆ ಹೋಗುತ್ತಾರೆ. ಮೋರಿಯ ಪಕ್ಕದಿಂದ ಎತ್ತಿ ತಂದ ನಾಲ್ಕು ಮರಿಗಳು ಅಲ್ಲಿವೆ. ಅದರಲ್ಲೊಂದು ಕಂದು ಬಣ್ಣದ, ಒಂದು ಕಿವಿ ಮಡಿಚಿಕೊಂಡ ಹೆಣ್ಣುಮರಿ. ಮಗಳ ಚಪ್ಪಲಿಯ ಪಟ್ಟಿ ಕಚ್ಚಿ ಎಳೆಯುತ್ತದೆ. ಅಷ್ಟೇ, ಆಯ್ಕೆ ಮುಗಿಯಿತು. ಒಂದು ಲಸಿಕೆಯಾಗಿದೆ, ಇನ್ನೆರಡು ಹಾಕಿಸಬೇಕು ಎಂದು ಅಲ್ಲಿನವರು ಚೀಟಿ ಬರೆದುಕೊಡುತ್ತಾರೆ.

ಸೋಮವಾರ, ಮಂಗಳವಾರ, ಬುಧವಾರ ಹಬ್ಬ. ಗುರುವಾರ ರಾತ್ರಿ ಮರಿ ತಟ್ಟೆಯ ಹತ್ತಿರ ಸುಳಿಯುವುದಿಲ್ಲ. ಹಳದಿ ನೊರೆ ಕಾರಿಕೊಂಡು ಸೋಫಾದ ಅಡಿ ಸೇರುತ್ತದೆ. ಬೆಳಗಿನ ಜಾವ ಎದ್ದವರಿಗೆ ಮೂಗಿಗೆ ಮೊದಲು ಬಡಿಯುವುದು ವಾಸನೆ. ನೆಲದ ಮೇಲೆ ನೀರಿನಂಥ ಭೇದಿ, ಅದರಲ್ಲಿ ರಕ್ತ.

ಆ ಒಂದು ಗಳಿಗೆಯಲ್ಲಿ ಮನೆಯೊಳಗೆ ನಾಲ್ಕು ವೈದ್ಯಶಾಸ್ತ್ರಗಳು ಹುಟ್ಟುತ್ತವೆ. ಹಾಲು ಕುಡಿಸಿದ್ದೇ ತಪ್ಪು ಎನ್ನುತ್ತಾಳೆ ಹೆಂಡತಿ. ಪಕ್ಕದ ಮನೆಯವರ ದೃಷ್ಟಿ ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ತಾನು ಮಳೆಯಲ್ಲಿ ಆಡಿಸಿದ್ದರಿಂದಲೇ ಹೀಗಾಯಿತೆಂದು ಮಗಳು ಅಳುತ್ತಾಳೆ. ಗಂಡನದು ಮಾತ್ರ ವ್ಯವಹಾರದ ಮಾತು: “ರೋಗದ ಮರಿ ಕೊಟ್ಟಿದ್ದಾರೆ. ವಾಪಸ್ ಕೊಟ್ಟುಬಿಡೋಣ.”

ದತ್ತು ಎಂಬ ಮಾತನ್ನು ನಮ್ಮವರು ಮಕ್ಕಳ ವಿಷಯದಲ್ಲಿ ಬಳಸುತ್ತಿದ್ದರು. ಈಚೆಗೆ ಅದು ನಾಯಿಮರಿಗೂ ಬಂದಿದೆ, ಬಂದದ್ದು ಒಳ್ಳೆಯದೇ. ಆದರೆ ಬರುವಾಗ ಆ ಮಾತು ತನ್ನ ಭಾರವನ್ನೂ ಹೊತ್ತು ತಂದಿದೆ ಎಂಬುದು ತಿಳಿಯುವುದು ಚಪ್ಪಲಿ ಕಚ್ಚುವ ಭಾನುವಾರದಂದಲ್ಲ, ಇಂಥ ಶುಕ್ರವಾರದ ಬೆಳಗಿನಲ್ಲಿ. ಮಿಕ್ಸಿ ಕೆಟ್ಟರೆ ಅಂಗಡಿಗೆ ಒಯ್ಯಬಹುದು, ರಸೀದಿ ತೋರಿಸಿ ಜಗಳವಾಡಬಹುದು. ಸೋಫಾದ ಅಡಿಯಲ್ಲಿ ನಡುಗುತ್ತಿರುವ ಎರಡು ಕೆಜಿ ತೂಕದ ಜೀವಕ್ಕೆ ವಾರಂಟಿ ಇಲ್ಲ.

ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದಾಗ ವೈದ್ಯರು ಪರೀಕ್ಷೆ ಮಾಡಿ ಹೇಳುವ ಹೆಸರು ಪಾರ್ವೊ. ಮನೆಯವರ ಅಷ್ಟೂ ಊಹೆಗಳು ಅಲ್ಲಿಗೆ ಬಿದ್ದುಹೋಗುತ್ತವೆ. ಈ ವೈರಸ್ ಮೈಯೊಳಗೆ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಂದರೆ ಭಾನುವಾರ ಕುಣಿಯುತ್ತಿದ್ದಾಗಲೇ ರೋಗ ಅದರೊಳಗೆ ಇದ್ದಿರಬಹುದು. ಮಗಳು ಮಳೆಯಲ್ಲಿ ಆಡಿಸಿದ್ದೂ ಕಾರಣವಲ್ಲ, ಆಶ್ರಯಧಾಮದವರು ಮುಚ್ಚಿಟ್ಟದ್ದೂ ಇರಲಾರದು. ಅವರ ಕಣ್ಣಿಗೂ ಅದು ಆರೋಗ್ಯವಂತ ಮರಿಯೇ.

ಈ ಕಾಯಿಲೆ ಹಳೆಯದೇನಲ್ಲ. 1978ರ ಹೊತ್ತಿಗೆ ಜಗತ್ತು ಇದನ್ನು ಗುರುತಿಸಿತು. ಬೆಕ್ಕುಗಳಿಗೆ ಬರುತ್ತಿದ್ದ ಇಂಥದೇ ಒಂದು ವೈರಸ್ಸಿನ ಹತ್ತಿರದ ನೆಂಟ ಇದು. ರೂಪ ಬದಲಿಸಿ ನಾಯಿಗಳ ಮೈ ಹೊಕ್ಕು, ಒಂದೆರಡು ವರ್ಷದಲ್ಲಿ ಖಂಡಖಂಡಗಳನ್ನು ದಾಟಿತು. ನಾಯಿಗಳಿಗೆ ಆಗ ಇದನ್ನು ಎದುರಿಸುವ ಶಕ್ತಿಯೇ ಇರಲಿಲ್ಲ. ಮರಿಗಳು ಗುಂಪುಗುಂಪಾಗಿ ಸತ್ತವು. ಲಸಿಕೆ ಬಂದ ಮೇಲೆ ಹಿಡಿತಕ್ಕೆ ಬಂತು. ಮೈಯಲ್ಲಿ ಎಲ್ಲಿ ಜೀವಕಣಗಳು ವೇಗವಾಗಿ ಹುಟ್ಟುತ್ತಿರುತ್ತವೋ ಅಲ್ಲಿಗೇ ಈ ವೈರಸ್ ಹೋಗುವುದು. ಕರುಳಿನ ಒಳಪದರಕ್ಕೆ ಹೋಗಿ ಅದನ್ನು ಸವೆಸುತ್ತದೆ. ಮೂಳೆಯೊಳಗಿನ ಮಜ್ಜೆಗೆ ಹೋಗಿ ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ. ಕೋಟೆಯ ಗೋಡೆಯೂ ಬಿತ್ತು, ಕಾವಲುಗಾರರೂ ಇಲ್ಲ. ಮರಿಗಳ ಮೇಲೆಯೇ ಇದರ ಕಣ್ಣು ಏಕೆಂದರೆ ಬೆಳೆಯುವ ಮೈಯಲ್ಲೇ ಕಣಗಳು ಹೆಚ್ಚು ಹುಟ್ಟುವುದು.

“ಒಂದು ಲಸಿಕೆ ಆಗಿತ್ತಲ್ಲ?” ಎಂದು ಎಲ್ಲರೂ ಕೇಳುತ್ತಾರೆ. ಇದಕ್ಕೆ ಉತ್ತರ ಗಿಣ್ಣುಹಾಲಿನಲ್ಲಿದೆ. ಹುಟ್ಟಿದ ದಿನ ಕುಡಿದ ಗಿಣ್ಣಿನ ಜೊತೆ ತಾಯಿಯ ರೋಗನಿರೋಧಕ ಶಕ್ತಿಯ ಒಂದು ಪಾಲು ಮರಿಗೆ ಬರುತ್ತದೆ. ವಾರ ಕಳೆದಂತೆ ಅದು ಕರಗುತ್ತದೆ. ಆದರೆ ಇರುವಷ್ಟು ದಿನ ಅದು ಲಸಿಕೆಯನ್ನೂ ಶತ್ರುವೆಂದೇ ತಿಳಿದು ಹೊಡೆದುಹಾಕುತ್ತದೆ. ಹೀಗಾಗಿ ನಡುವೆ ಕೆಲವು ದಿನ ಬರುತ್ತವೆ: ತಾಯಿಯ ಕೊಡುಗೆ ರೋಗವನ್ನು ತಡೆಯುವಷ್ಟಿಲ್ಲ, ಲಸಿಕೆಯನ್ನು ತಡೆಯುವಷ್ಟಿದೆ. ಆ ಕಿಂಡಿಯಲ್ಲೇ ಪಾರ್ವೊ ನುಗ್ಗುವುದು. ಯಾವ ಮರಿಗೆ ಆ ಕಿಂಡಿ ಯಾವಾಗ ತೆರೆಯುತ್ತದೆಂದು ಹೇಳಲು ಬಾರದು. ಅದಕ್ಕಾಗಿಯೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಚುಚ್ಚಿಸುವುದು. ಹಣ ಕೀಳುವ ಉಪಾಯವೆಂದು ಗೊಣಗುವವರಿದ್ದಾರೆ. ಈ ಲೆಕ್ಕವನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅವರು ಗೊಣಗುತ್ತಿರಲಿಲ್ಲವೇನೋ.

ಹಾಗೆಂದು ಸುಸ್ತಾದ ಮರಿಗಳಿಗೆಲ್ಲ ಪಾರ್ವೊ ಅಲ್ಲ. ಹೊಟ್ಟೆ ಗುಂಡಗಿದೆ ಎಂದು ಮುದ್ದಾಡುವ ಮರಿಯ ಹೊಟ್ಟೆಯಲ್ಲಿ ಅನ್ನಕ್ಕಿಂತ ಜಂತುಹುಳುವೇ ಹೆಚ್ಚಿರುವುದುಂಟು. ತಾಯಿಯ ಗರ್ಭದಲ್ಲೇ ಹುಳುವಿನ ಮರಿಗಳು ದಾಟಿ ಬರುತ್ತವೆ. ಹೊಸ ಊಟ, ಹೊಸ ಜಾಗದ ಗಾಬರಿಯಿಂದಲೂ ಹೊಟ್ಟೆ ಕೆಡುತ್ತದೆ. ಇನ್ನೊಂದು ಭಯದ ಹೆಸರು ಡಿಸ್ಟೆಂಪರ್. ಮನುಷ್ಯರ ದಡಾರದ ವೈರಸ್ಸಿಗೆ ದಾಯಾದಿ. ಕೆಮ್ಮು, ಕಣ್ಣಲ್ಲಿ ಪಿಸುರು ಎಂದು ಶುರುವಾಗಿ ನರಮಂಡಲದವರೆಗೂ ಹೋಗಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಸತ್ತಾಗ ಅವುಗಳಲ್ಲೂ ಈ ವೈರಸ್ ಪತ್ತೆಯಾಗಿತ್ತು. ಯಾವುದು ಏನೆಂದು ತೀರ್ಮಾನಿಸುವುದು ಮನೆಯವರ ಕೆಲಸವಲ್ಲ. ಬೇಗ ಕರೆದೊಯ್ಯುವುದು ಅವರ ಕೆಲಸ. ಮನೆಯಲ್ಲಿದ್ದ ನೋವಿನ ಮಾತ್ರೆಯನ್ನು ಅರ್ಧ ಮುರಿದು ನುಂಗಿಸುವುದಂತೂ ಬೇಡವೇ ಬೇಡ. ಮನುಷ್ಯರಿಗೆ ಒಗ್ಗುವ ಎಷ್ಟೋ ಮಾತ್ರೆ ನಾಯಿಗೆ ವಿಷ.

ಪಾರ್ವೊ ವೈರಸ್ಸನ್ನೇ ಕೊಲ್ಲುವ ಮಾತ್ರೆ ಸಾಮಾನ್ಯ ಚಿಕಿತ್ಸೆಯಲ್ಲಿ ಇಲ್ಲ. ಡ್ರಿಪ್ ಹಾಕಿ ಹೋದ ನೀರು ಲವಣಗಳನ್ನು ತುಂಬುತ್ತಾರೆ, ವಾಂತಿ ನಿಲ್ಲಿಸುತ್ತಾರೆ, ಸವೆದ ಕರುಳಿನಿಂದ ಬೇರೆ ಸೋಂಕು ರಕ್ತಕ್ಕೆ ಇಳಿಯದಂತೆ ಔಷಧ ಕೊಡುತ್ತಾರೆ. ಉಳಿದದ್ದನ್ನು ಮರಿಯ ಮೈಯೇ ಮಾಡಿಕೊಳ್ಳಬೇಕು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೆಚ್ಚಿನವು ಸಾಯುತ್ತವೆ, ಸಮಯಕ್ಕೆ ಸಿಕ್ಕರೆ ಹೆಚ್ಚಿನವು ಬದುಕುತ್ತವೆ. ಆ ಎರಡು ‘ಹೆಚ್ಚಿನವು’ಗಳ ನಡುವೆ ಇರುವುದು ನಾಲ್ಕೈದು ದಿನದ ದುಡಿಮೆ.

ಈ ಮನೆಯಲ್ಲಿ ಆ ದುಡಿಮೆ ಹೇಗಿತ್ತೆಂದರೆ, ಅಳು ನಿಲ್ಲಿಸಿದ್ದು ಅಜ್ಜಿ. “ಅಳ್ತಾ ಕೂತ್ರೆ ಆಗಲ್ಲ ಕಣೆ, ಗಡಿಯಾರ ನೋಡು” ಎಂದರು ಮೊಮ್ಮಗಳಿಗೆ. ಹುಡುಗಿ ಹಳೆಯ ನೋಟ್ ಬುಕ್ಕಿನಲ್ಲಿ ಗೆರೆ ಎಳೆದಳು. ಎಷ್ಟು ಹೊತ್ತಿಗೆ ವಾಂತಿ, ಎಷ್ಟು ಹೊತ್ತಿಗೆ ಭೇದಿ, ಬಣ್ಣ ಏನು, ಒಸಡು ಕೆಂಪಗಿದೆಯೋ ಬಿಳಿಚಿದೆಯೋ, ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಎಷ್ಟು. ಬೆಳಿಗ್ಗೆ ಆಸ್ಪತ್ರೆ, ಸಂಜೆ ಆಸ್ಪತ್ರೆ. ನಡುವೆ ವೈದ್ಯರು ಹೇಳಿದ ಮೇಲೆ, ಹೇಳಿದಷ್ಟೇ, ಚಮಚದ ತುದಿಯಲ್ಲಿ ತಿಳಿ ಆಹಾರ. ವಾಂತಿ ಮಾಡುತ್ತಿರುವ ಮರಿಯ ಬಾಯಿ ಬಿಡಿಸಿ ಲೋಟದಿಂದ ನೀರು ಸುರಿಯಲು ಹೋದ ಗಂಡನನ್ನು ಹೆಂಡತಿ ತಡೆದಳು. ಸುರಿದ ನೀರು ಶ್ವಾಸಕೋಶಕ್ಕೆ ಇಳಿದೀತು. ಬೀದಿಯಲ್ಲಿ ಮರಿ ಕಂಡಾಗ ಮರುಗುವುದಕ್ಕೆ ಒಂದು ನಿಮಿಷ ಸಾಕು, ಮರುಗಿ ಮುಂದೆ ಹೋಗಲೂಬಹುದು. ಇಲ್ಲಿ ರಾತ್ರಿ ಎರಡಕ್ಕೆ ಅಲಾರಾಂ ಹೊಡೆಯುತ್ತದೆ, ಚಾಪೆಯಿಂದ ಏಳಬೇಕು.

ನೆಲ ಒರೆಸುವುದೂ ಆರೈಕೆಯೇ. ಮನೆಯವರು ಬಾಟಲಿಗಟ್ಟಲೆ ಫಿನೈಲ್ ಸುರಿದರು. ಘಮಘಮ ಎಂದಿತು, ವೈರಸ್ಸಿಗೆ ಏನೂ ಆಗಲಿಲ್ಲ. ಪಾರ್ವೊ ಫಿನೈಲಿಗೂ ಸ್ಪಿರಿಟ್ಟಿಗೂ ಜಗ್ಗುವುದಿಲ್ಲ. ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷವೂ, ಬದುಕಿರುತ್ತದೆ. ಅದು ಸಾಯುವುದು ಬ್ಲೀಚ್‌ಗೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು, ಅದೂ ಕೊಳೆಯನ್ನೆಲ್ಲ ತೊಳೆದ ಮೇಲೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮಾತ್ರ. ಮಹಡಿ ಮೆಟ್ಟಿಲಿನಲ್ಲಿ ಇನ್ನೊಬ್ಬರ ನಾಯಿಯೂ ಓಡಾಡುತ್ತದೆಂಬ ನೆನಪಾಗಿ ಗಂಡ ಮೆಟ್ಟಿಲನ್ನೂ ತೊಳೆದ. ವಾಪಸ್ ಕೊಡೋಣ ಎಂದಿದ್ದವನು ಇವನೇ ಎಂದು ಯಾರೂ ನೆನಪಿಸಲಿಲ್ಲ.

ನಾಯಿಗೆ ಇಷ್ಟೆಲ್ಲವೇ ಎಂದು ಕೇಳುವವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕಲ್ಲನ್ನು ನೋಡಿಬರಬೇಕು. ಮಂಡ್ಯ ಜಿಲ್ಲೆಯ ಆತಕೂರಿನದು, ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಏನು ಬೇಕೆಂದು ಅರಸ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಂದಿಗೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇವೆ. ಕಲ್ಲು ನೆಟ್ಟು ಭೂಮಿ ಬಿಟ್ಟದ್ದಲ್ಲದೆ, ಅದಕ್ಕೆ ಪೂಜೆ ಸಲ್ಲಿಸದೆ ಪೂಜಾರಿ ಉಣ್ಣಕೂಡದೆಂಬ ಕಟ್ಟಳೆಯನ್ನೂ ಬರೆಸಿದರು. ಕಾಳಿಯದು ಗೆದ್ದ ನಾಯಿಯ ಕಥೆ, ಮೋರಿಯ ಪಕ್ಕದ ಮರಿಗೆ ಅಂಥ ಬಿರುದಿಲ್ಲ. ಆದರೂ ಆ ನಾಲ್ಕು ದಿನ ಈ ಮನೆಯಲ್ಲಿ ಮರಿಯ ಚಮಚ ಮುಗಿಯದೆ ಯಾರೂ ತಟ್ಟೆಯ ಮುಂದೆ ಕೂರಲಿಲ್ಲ. ಅವರಾರೂ ಆ ಶಾಸನ ಓದಿದವರಲ್ಲ.

ಐದನೆಯ ಬೆಳಿಗ್ಗೆ ಮರಿ ತಾನಾಗಿ ನಡೆದುಹೋಗಿ ಬಟ್ಟಲಿನ ನೀರು ನೆಕ್ಕಿತು. ನೋಟ್ ಬುಕ್ಕಿನಲ್ಲಿ ಸಮಯ ದಾಖಲಾಯಿತು: 6.10.

ಮೊದಲ ದಿನದ ಒಂದು ಸಂಗತಿ ಹೇಳುವುದು ಉಳಿದಿದೆ. ಡ್ರಿಪ್ ಹಾಕುತ್ತ ವೈದ್ಯರು ಕೇಳಿದ್ದರು, “ಇದರ ಜೊತೆ ಹುಟ್ಟಿದವು ಎಲ್ಲಿವೆ?” ಮನೆಯವರಿಗೆ ಅದು ಹೊಳೆದೇ ಇರಲಿಲ್ಲ. ಹೆಂಡತಿ ಆಸ್ಪತ್ರೆಯ ಬೆಂಚಿನಿಂದಲೇ ಆಶ್ರಯಧಾಮಕ್ಕೆ ಫೋನು ಹಚ್ಚಿದಳು. ದೂರು ಹೇಳಲೆಂದು ಬೆಳಗಿನಿಂದ ಜೋಡಿಸಿಟ್ಟುಕೊಂಡ ಮಾತುಗಳು ನಾಲಗೆಯ ತುದಿಯಲ್ಲೇ ಇದ್ದವು. ಅವನ್ನು ಬದಿಗಿಟ್ಟು, “ನಮ್ಮ ಮರಿಗೆ ಪಾರ್ವೊ ಅಂತೆ, ಮಿಕ್ಕ ಮೂರು ಮರಿ ತಗೊಂಡು ಹೋದವರಿಗೆ ಈಗಲೇ ತಿಳಿಸಿ” ಎಂದಳು. ಅರ್ಧ ಗಂಟೆಯಲ್ಲಿ ಅತ್ತಲಿಂದ ಕರೆ ಬಂತು. ಎರಡು ಮರಿ ಚೆನ್ನಾಗಿದ್ದವು. ಮೂರನೆಯದು ಬೆಳಗಿನಿಂದ ಅನ್ನ ಮುಟ್ಟಿಲ್ಲವೆಂದು ಆ ಮನೆಯವರು ಅಷ್ಟೇನೂ ತಲೆಕೆಡಿಸಿಕೊಳ್ಳದೆ ಕುಳಿತಿದ್ದರಂತೆ. ಈಗ ಆಟೋ ಹಿಡಿದು ಹೊರಟಿದ್ದಾರೆ.