ಮುಚ್ಚಿದ ಅಂಗಡಿ, ಬಾಕಿ ಉಳಿದ ಕೂಲಿ

(ಕಾರ್ಯಕರ್ತರ ಶಿಬಿರದಲ್ಲಿ ಆಡಿದ ಮಾತು)



ನಮ್ಮ ಶಿಬಿರಗಳಲ್ಲಿ ಭೂಮಿ ಬಗ್ಗೆ ಮಾತಾಡ್ತೀವಿ, ಹಾಸ್ಟೆಲ್ ಬಗ್ಗೆ ಮಾತಾಡ್ತೀವಿ, ದೇವಸ್ಥಾನದ ಬಾಗಿಲ ಬಗ್ಗೆ ಮಾತಾಡ್ತೀವಿ. ಇವತ್ತು ಅಂಗಡಿ ಬಾಗಿಲ ಬಗ್ಗೆ ಮಾತಾಡೋಣ. ಯಾಕಂದ್ರೆ ಕೇರಿ ಬಿಟ್ಟು ಹೊರಟ ನಮ್ಮ ಹುಡುಗರು, ಹುಡುಗಿಯರು ಎಷ್ಟೋ ಜನ ಈಗ ಅಲ್ಲಿದ್ದಾರೆ. ಮೂಟೆ ಇಳಿಸೋರು, ಕಪಾಟು ಜೋಡಿಸೋರು, ಬಿಲ್ಲು ಹಾಕೋರು, ನೆಲ ಒರೆಸೋರು. ದಿನವಿಡೀ ನಿಂತೇ ದುಡಿಯೋರು. ಕಂಪನಿ ಮುಳುಗಿದ ದಿನ ಇವರ ಬಾಕಿ ಕೂಲಿ ಎಲ್ಲಿಗೆ ಹೋಗುತ್ತೆ?

ಇದು ಕಟ್ಟುಕತೆಯಲ್ಲ. 1997ರಲ್ಲಿ ಚೆನ್ನೈನಲ್ಲಿ ಶುರುವಾದ ಸುಭಿಕ್ಷಾ ದೇಶದ ತುಂಬ ಸುಮಾರು 1600 ಅಂಗಡಿ ತೆರೆಯಿತು. 2009ರಲ್ಲಿ ಕೈಯಲ್ಲಿ ಕಾಸಿಲ್ಲದೆ ಎಲ್ಲಕ್ಕೂ ಬೀಗ ಬಿತ್ತು. ಸಂಬಳ ಬಾಕಿ ನಿಂತಿತು. ಆಮೇಲೆ ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್. 2022ರಲ್ಲಿ ಅದರ ನೂರಾರು ಅಂಗಡಿಗಳ ಜಾಗ ರಿಲಯನ್ಸ್ ಕೈಗೆ ಹೋಯಿತು. ಅದೇ ವರ್ಷ ಜುಲೈನಲ್ಲಿ ಬ್ಯಾಂಕ್ ಆಫ್ ಇಂಡಿಯಾದ ಅರ್ಜಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. 2024ರ ಜುಲೈನಲ್ಲಿ ಕಂಪನಿಯನ್ನು ಮುಚ್ಚಿ ಇದ್ದಬದ್ದದ್ದನ್ನು ಮಾರಲು ಆದೇಶವಾಯಿತು.

ಕಾರ್ಖಾನೆ ಮುಳುಗಿದರೆ ಜಮೀನು, ಯಂತ್ರವಾದರೂ ಉಳಿಯುತ್ತೆ. ಅಂಗಡಿ ಮುಳುಗಿದರೆ ಏನೈತೆ? ಕಟ್ಟಡ ಬಾಡಿಗೇದು. ಸರಕು ಸಾಲದ್ದು, ಅದೂ ಬ್ಯಾಂಕಿಗೆ ಅಡ. ಉಳಿಯೋದು ಖಾಲಿ ಕಪಾಟು, ಹೊರಗಿನ ಬೋರ್ಡು.

ನಮ್ಮ ಹಿರಿಯರು ಕಣ ಕಂಡವರು. ಬಿತ್ತಿದವರು, ಕೊಯ್ದವರು, ಬಡಿದವರು ನಾವು. ರಾಶಿ ಅಳೆಯುವಾಗ ಮಾತ್ರ ನಾವು ಕೊನೆ. ಎಲ್ಲರ ಪಾಲು ಮುಗಿದ ಮೇಲೆ ಮಣ್ಣಿನ ಜೊತೆ ಗುಡಿಸಿದ ಕಾಳು ನಮ್ಮ ಸೆರಗಿಗೆ. ದಿವಾಳಿ ಕಾನೂನೂ ಒಂದು ಕಣವೇ. 2016ರ ಸಂಹಿತೆಯ 53ನೇ ಕಲಮು ಯಾರ ಪಾಲು ಮೊದಲು ಅಂತ ಬರೆದಿದೆ. ಮೊದಲು ದಿವಾಳಿ ನಡೆಸಿದ ಖರ್ಚು. ಎರಡನೆಯದರಲ್ಲಿ ಅಡಮಾನ ಬಿಟ್ಟುಕೊಟ್ಟ ಸಾಲಗಾರರ ಜೊತೆ ಸಮನಾಗಿ 'ವರ್ಕ್‌ಮನ್' ಆದವರ 24 ತಿಂಗಳ ಬಾಕಿ. ಮೂರನೆಯದರಲ್ಲಿ ಉಳಿದ 'ಎಂಪ್ಲಾಯಿ'ಗಳ 12 ತಿಂಗಳ ಬಾಕಿ.

ಎರಡನೇ ಜಾಗ ಒಳ್ಳೇದೇ ಅಲ್ವಾ ಅಂತೀರಿ. ತಡೀರಿ. ಅಡಮಾನ ಹಿಡಿದ ಬ್ಯಾಂಕು ಸಾಲಿನ ಹೊರಗೇ ನಿಂತು ತನ್ನ ಅಡಮಾನವನ್ನು ತಾನೇ ಮಾರಿಕೊಳ್ಳಬಹುದು. ಹಳೆಯ ಕಂಪನಿ ಕಾನೂನಿನಲ್ಲಿ ಆ ಅಡಮಾನದ ಮೇಲೂ ಕೆಲಸಗಾರನಿಗೆ ಸಮಪಾಲು ಇತ್ತು. ಹೊಸ ಸಂಹಿತೆಯಲ್ಲಿ ಅದು ಹೋಯಿತು. 2023ರಲ್ಲಿ ಸುಪ್ರೀಂ ಕೋರ್ಟು ಈ ಬದಲಾವಣೆಯನ್ನು ಎತ್ತಿಹಿಡಿಯಿತು.

ಇನ್ನು, ದುಡಿಯುವವರಲ್ಲೇ ಎರಡು ಜಾತಿ ಯಾಕೆ? ಗಿರಾಕಿ ಮುಂದೆ ನಿಂತು ಬಟ್ಟೆ ಮಡಿಸಿ ಮಾರುವ ಹುಡುಗನ ಎದೆಗೆ 'ಎಕ್ಸಿಕ್ಯುಟಿವ್' ಅಂತ ಬ್ಯಾಡ್ಜು ಚುಚ್ಚಿರ್ತಾರೆ. ನೋಡಬೇಕಾದ್ದು ಬ್ಯಾಡ್ಜಲ್ಲ, ಮಾಡಿದ ಕೆಲಸ. ಆದರೆ ಅದನ್ನು ವಾದ ಮಾಡಿ ಗೆಲ್ಲೋರು ಯಾರು? ನೆಲ ಒರೆಸುವ ತಾಯಿಯ ಹೆಸರಂತೂ ಕಂಪನಿ ಪುಸ್ತಕದಲ್ಲೇ ಇಲ್ಲ, ಗುತ್ತಿಗೆದಾರನ ಪುಸ್ತಕದಲ್ಲಿದೆ. ಕಣದ ಹೊರಗಿನ ಕಣ ಅವಳದು.

ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಏಷ್ಯಾಡ್ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾದರೆ ಮೂರು ತಿಂಗಳು ದುಡಿಸಿ ಬರಿಗೈಲಿ ಕಳಿಸೋದಕ್ಕೆ ಏನನ್ನಬೇಕು? ನಮ್ಮ ಭಾಷೆಯಲ್ಲಿ ಅದಕ್ಕೆ ಹಳೇ ಹೆಸರಿದೆ: ಬಿಟ್ಟಿ ಚಾಕರಿ.

ಬಿಟ್ಟಿಯನ್ನು ಒಪ್ಪಬಾರದು. ಈಗಲೇ ಮಾಡಬೇಕಾದ ಕೆಲಸ ಇದೆ. ಭವಿಷ್ಯನಿಧಿ, ಪಿಂಚಣಿ ನಿಧಿ, ಗ್ರ್ಯಾಚುಟಿ ನಿಧಿಯಿಂದ ನಮಗೆ ಸಲ್ಲಬೇಕಾದ್ದನ್ನು ದಿವಾಳಿ ಆಸ್ತಿಯಲ್ಲಿ ಸೇರಿಸುವಂತಿಲ್ಲ, 36ನೇ ಕಲಮು ಹಾಗೆ ಹೇಳುತ್ತೆ. ಅದು ಸಾಲಗಾರರಿಗೆ ಹಂಚುವ ದುಡ್ಡಲ್ಲ. ಆದರೆ ಸಂಬಳದಲ್ಲಿ ಮುರಿದುಕೊಂಡದ್ದನ್ನು ಕಂಪನಿ ನಿಜವಾಗಿ ಕಟ್ಟಿದೆಯೋ ಇಲ್ಲವೋ, ತಿಂಗಳು ತಿಂಗಳು ಪಾಸ್‌ಬುಕ್ ನೋಡಿ. ನೇಮಕದ ಪತ್ರ, ಸಂಬಳದ ಚೀಟಿ, ಹಾಜರಿಯ ಗುರುತು ಮನೆಯಲ್ಲಿಟ್ಟುಕೊಳ್ಳಿ. ಅಂಗಡಿಗೆ ಬೀಗ ಬಿದ್ದ ಮೇಲೆ ಕಂಪ್ಯೂಟರೂ ಬೀಗದೊಳಗೇ. ದಿವಾಳಿ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುತ್ತೆ. ಅದರಲ್ಲಿ ಹೇಳಿದ ದಿನದೊಳಗೆ ಬಾಕಿಯ ಅರ್ಜಿ ಹಾಕಿ. ಒಬ್ಬೊಬ್ಬರೇ ಅಲೆಯಬೇಕಿಲ್ಲ, ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಹಾಕಬಹುದು. ಗುತ್ತಿಗೆದಾರ ಕೈಯೆತ್ತಿದರೆ ಕೂಲಿ ಕೊಡುವ ಹೊಣೆ ಮೂಲ ಮಾಲೀಕನದು. ಅದನ್ನು ಬರವಣಿಗೆಯಲ್ಲಿ ಕೇಳಿ.

ಕಾಗದ ಮಾತ್ರ ಸಾಲದು. ಕಪಾಟು ಮಾರಿ ಬಂದದ್ದು ಎಲ್ಲರಿಗೂ ಸಾಕಾಗಲ್ಲ. ಆಸ್ಟ್ರೇಲಿಯಾದಲ್ಲಿ 2012ರ ಕಾನೂನಿನ ಪ್ರಕಾರ, ದಿವಾಳಿಯಾದ ಕಂಪನಿಯ ಕೆಲಸಗಾರನಿಗೆ 13 ವಾರಗಳವರೆಗಿನ ಬಾಕಿ ಸಂಬಳ, ರಜೆಯ ಹಣ, ಕೆಲಸ ಹೋದದ್ದರ ಪರಿಹಾರವನ್ನು ಸರ್ಕಾರವೇ ಮೊದಲು ಕೊಡುತ್ತೆ. ಆಮೇಲೆ ಸರ್ಕಾರ ಸಾಲಿನಲ್ಲಿ ನಿಂತು ವಸೂಲು ಮಾಡಿಕೊಳ್ಳುತ್ತೆ. ಸಾಲಿನಲ್ಲಿ ಕಾಯುವ ತಾಕತ್ತು ಸರ್ಕಾರಕ್ಕಿದೆ, ನಾಳೆ ಅಕ್ಕಿ ತರಬೇಕಾದ ನಮ್ಮ ತಾಯಿಗಿಲ್ಲ. ಬಾಕಿ ಕೂಲಿಗೆ ಅಂಥದೇ ನಿಧಿ ಇಲ್ಲೂ ಬೇಕು. ಮಾಲೀಕರು ಅಂಗಡಿ ತೆರೆದಾಗಲೇ ಅದಕ್ಕೆ ಹಣ ಕಟ್ಟಬೇಕು. ಗುತ್ತಿಗೆಯವರೂ ಅದರೊಳಗೆ ಬರಬೇಕು.

1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆ ಕೆಲಸಗಾರರ ಮುಂದೆ ಬಾಬಾಸಾಹೇಬರು ಶತ್ರುಗಳು ಇಬ್ಬರು ಅಂದರು: ಬ್ರಾಹ್ಮಣಶಾಹಿ, ಬಂಡವಾಳಶಾಹಿ. ಒಂದನ್ನು ಊರಲ್ಲಿ ಬಿಟ್ಟು ಬಂದೆವು ಅಂದುಕೊಂಡು ಇನ್ನೊಂದರ ಕೈಗೆ ಬಿದ್ದಿದ್ದೇವೆ. ಈ ಶಿಬಿರದಿಂದ ಊರಿಗೆ ಹೋದವರು ನಿಮ್ಮ ಕೇರಿಯಿಂದ ಯಾರು ಯಾರು ಯಾವ ಅಂಗಡಿಯಲ್ಲಿದ್ದಾರೆ ಅಂತ ಪಟ್ಟಿ ಮಾಡಿ. ಬೀಗ ಬೀಳೋಕೆ ಮುಂಚೆ ಸಂಘ ಕಟ್ಟೋಣ.