ಬಸ್ಸೋ, ರೈಲೋ? ಅಗ್ಗದ ಪ್ರಯಾಣದ ಪೂರ್ತಿ ಲೆಕ್ಕ

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರ್ಲಿನ್ನಿನಿಂದ ದೂರವಾಣಿ ಕರೆ ಮಾಡಿದ್ದಳು. ನಮ್ಮ ಪಕ್ಕದ ಊರಿನವಳು. ತಂದೆ ಅಡಿಕೆ ತೋಟವನ್ನು ಬ್ಯಾಂಕಿಗೆ ಅಡವಿಟ್ಟು ಮಗಳನ್ನು ಓದಲು ಕಳುಹಿಸಿದ್ದಾರೆ. ವಿಚಾರ ಸಂಕಿರಣಕ್ಕಾಗಿ ಅವಳು ಮ್ಯೂನಿಕ್ ನಗರಕ್ಕೆ ಹೋಗಬೇಕಿತ್ತು. "ಸರ್, ಬಸ್ಸು ಅಗ್ಗ. ಆದರೆ ನಿಮ್ಮಿಂದ ಪರಿಸರದ ಪಾಠ ಕೇಳಿದವಳು ರೈಲು ಬಿಟ್ಟು ಡೀಸೆಲ್ ಬಸ್ಸು ಹತ್ತಿದರೆ ತಪ್ಪಲ್ಲವೇ?" ಎಂದು ಕೇಳಿದಳು. ಇಲ್ಲಿರುವ ನಿಮ್ಮಲ್ಲಿ ಕೆಲವರಾದರೂ ನಾಳೆ ಅದೇ ದಾರಿ ಹಿಡಿಯುವವರು. ಆದ್ದರಿಂದ ಅವಳಿಗೆ ಹೇಳಿದ್ದನ್ನು ನಿಮ್ಮ ಮುಂದೆಯೂ ಇಡುತ್ತೇನೆ.

ಮೊದಲು ಇಂಗಾಲದ ಲೆಕ್ಕ. ಜರ್ಮನಿಯ ಕೇಂದ್ರ ಪರಿಸರ ಸಂಸ್ಥೆಯ ಅಂಕಿಗಳಂತೆ, ದೂರದ ರೈಲಾಗಲಿ ದೂರದ ಬಸ್ಸಾಗಲಿ ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಒಯ್ಯಲು ಹೊರಸೂಸುವ ಹಸಿರುಮನೆ ಅನಿಲ ಸುಮಾರು 30ರಿಂದ 40 ಗ್ರಾಂ. ಕಾರಿನಲ್ಲಿ ಅದು 160 ಗ್ರಾಂ ಆಸುಪಾಸು; ದೇಶದೊಳಗಿನ ವಿಮಾನದಲ್ಲಿ 200 ಗ್ರಾಂಗೂ ಅಧಿಕ. ರೈಲು ಬಸ್ಸಿಗಿಂತ ತುಸು ಮೇಲು, ನಿಜ. ಆದರೆ ತುಂಬಿದ ಬಸ್ಸು ಪರಿಸರದ ಶತ್ರುವಲ್ಲ. ಭಾರೀ ಅಂತರವಿರುವುದು ಇವೆರಡಕ್ಕೂ ವಿಮಾನಕ್ಕೂ ನಡುವೆ. ಬಸ್ಸಿನ ಬಗ್ಗೆ ಪಾಪಪ್ರಜ್ಞೆ ಪಟ್ಟು, ರೈಲು ದುಬಾರಿಯೆಂದು ಕೊನೆಗೆ ಅಗ್ಗದ ವಿಮಾನ ಹತ್ತುವುದೇ ನಿಜವಾದ ತಪ್ಪು.

ಎರಡನೆಯದು ಸಮಯ ಮತ್ತು ದೇಹ. ಬರ್ಲಿನ್ನಿನಿಂದ ಮ್ಯೂನಿಕ್ಕಿಗೆ ರಸ್ತೆಯಲ್ಲಿ ಸುಮಾರು 585 ಕಿಲೋಮೀಟರ್. 2017ರ ಡಿಸೆಂಬರಿನಲ್ಲಿ ಹೊಸ ಹಳಿ ಪೂರ್ಣಗೊಂಡ ಬಳಿಕ ಅತಿವೇಗದ ರೈಲಿಗೆ ಸುಮಾರು ನಾಲ್ಕು ಗಂಟೆ ಸಾಕು; ಬಸ್ಸಿಗೆ ಏಳೆಂಟು ಗಂಟೆ ಬೇಕು. ಅಲ್ಲಿ ಚಾಲಕನು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಮಿಸಲೇಬೇಕೆಂಬುದು ಕಾನೂನು. ರಾತ್ರಿ ಬಸ್ಸಿನಲ್ಲಿ ಒಂದು ರಾತ್ರಿಯ ವಸತಿ ಖರ್ಚು ಉಳಿಯುತ್ತದೆಂಬುದು ವಿದ್ಯಾರ್ಥಿಗಳ ಲೆಕ್ಕ. ಕುಳಿತೇ ರಾತ್ರಿ ಕಳೆದು ಮರುಬೆಳಿಗ್ಗೆ ಪ್ರಬಂಧ ಮಂಡಿಸಬೇಕಾದವರಿಗೆ ಅದು ಉಳಿತಾಯವಲ್ಲ. ಹಾಗೆಂದು ರೈಲು ಗಡಿಯಾರದಂತೆ ಓಡುತ್ತದೆಂದೂ ಭಾವಿಸದಿರಿ. ಜರ್ಮನಿಯ ರಾಷ್ಟ್ರೀಯ ರೈಲ್ವೆಯ ದೂರದ ರೈಲುಗಳ ಸಮಯಪಾಲನೆ 2024ರಲ್ಲಿ ಶೇ. 62.5 ಮಾತ್ರ. ಆದರೆ ಐರೋಪ್ಯ ಒಕ್ಕೂಟದ ನಿಯಮದಂತೆ ರೈಲು ಒಂದು ಗಂಟೆ ತಡವಾದರೆ ಟಿಕೆಟ್ ಹಣದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಭಾಗ ಮರಳಿ ಪಡೆಯಬಹುದು. ಅಸಾಧಾರಣ ಸಂದರ್ಭಗಳಿಗೆ ವಿನಾಯಿತಿಯಿದೆ. ಬಸ್ಸು ತಡವಾಗಿ ಊರು ಮುಟ್ಟಿದ್ದಕ್ಕೆ ಅಂತಹ ಪರಿಹಾರ ನಿಯಮದಲ್ಲಿಲ್ಲ.

ಮೂರನೆಯದು ಬೆಲೆ. ಬಸ್ಸು ಏಕೆ ಅಗ್ಗ? 1930ರ ದಶಕದಿಂದ ಜರ್ಮನಿಯ ಕಾನೂನು ರೈಲಿಗೆ ಪೈಪೋಟಿಯಾಗುವ ದೂರದ ಬಸ್ಸುಗಳನ್ನು ಬಹುಮಟ್ಟಿಗೆ ತಡೆದಿತ್ತು. 2013ರ ಜನವರಿಯಲ್ಲಿ ಆ ತಡೆ ತೆರವಾಯಿತು. ಫ್ಲಿಕ್ಸ್‌ಬಸ್ ಬೆಳೆದದ್ದು ಹಾಗೆ. ಫ್ರಾನ್ಸ್ 2015ರಲ್ಲಿ ಅದೇ ಹಾದಿ ಹಿಡಿಯಿತು. ಬಡ ವಿದ್ಯಾರ್ಥಿಗೆ ಇದರಿಂದ ಉಪಕಾರವಾದದ್ದು ಸತ್ಯ. ಆದರೆ ರೈಲು ತಾನು ಓಡಿದ ದೂರಕ್ಕೆಲ್ಲ ಹಳಿ ಬಳಕೆಯ ಶುಲ್ಕ ತೆರಬೇಕು. ಬಸ್ಸು ಡೀಸೆಲ್ ತೆರಿಗೆ ಕಟ್ಟುತ್ತದಾದರೂ, ಲಾರಿಗಳಿಗೆ ವಿಧಿಸುವ ರಸ್ತೆ ಸುಂಕ ಜರ್ಮನಿಯಲ್ಲಿ ಅದಕ್ಕಿಲ್ಲ. ವಿಮಾನಯಾನ ಕಂಪನಿಗಳ ಇಂಧನಕ್ಕಂತೂ ತೆರಿಗೆಯೇ ಇಲ್ಲ. ಅಂದರೆ ಟಿಕೆಟ್ಟಿನ ಮೇಲಿನ ಬೆಲೆ ಪ್ರಯಾಣದ ಪೂರ್ಣ ಬೆಲೆಯಲ್ಲ. ಉಳಿದದ್ದನ್ನು ಬೇರೆ ಯಾರೋ ತೆರುತ್ತಿದ್ದಾರೆ.

ಈ ಮಾತು ಬೆಟ್ಟದ ಜನರಿಗೆ ಬೇಗ ಅರ್ಥವಾಗುತ್ತದೆ. ತಮ್ಮ ಕಣಿವೆಗಳಲ್ಲಿ ಹಗಲಿರುಳು ಹಾದುಹೋಗುವ ಲಾರಿಗಳಿಂದ ಬೇಸತ್ತ ಆಲ್ಪ್ಸ್ ಸೀಮೆಯವರು ಜನಮತಗಣನೆಗೆ ಹೋರಾಡಿದರು. 1994ರಲ್ಲಿ ಸ್ವಿಟ್ಜರ್‌ಲೆಂಡಿನ ಸುಮಾರು ಶೇ. 52ರಷ್ಟು ಮತದಾರರು, ಗಡಿಯಿಂದ ಗಡಿಗೆ ಸಾಗುವ ಸರಕು ರೈಲಿನಲ್ಲೇ ಹೋಗಬೇಕೆಂದು ತೀರ್ಮಾನಿಸಿದರು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗವು ಆ ನೀತಿಯ ಆಧಾರಸ್ತಂಭ. ರೈಲಿಗಾಗಿ ಬೆಟ್ಟವನ್ನೇ ಕೊರೆದರಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು, ಹಳಿಯೂ ಪುಕ್ಕಟೆ ಬರುವುದಿಲ್ಲ. ವ್ಯತ್ಯಾಸವೆಂದರೆ, ಅಲ್ಲಿ ಆ ವೆಚ್ಚವನ್ನು ಜನರ ಮುಂದಿಟ್ಟು ಅವರ ಮತ ಕೇಳಲಾಯಿತು.

ಇನ್ನು ವ್ಯವಹಾರದ ಮಾತು. ಪ್ರಯಾಣದ ದಿನ ಮೊದಲೇ ಗೊತ್ತಿದ್ದರೆ ವಾರಗಳ ಮುಂಚೆ ರೈಲಿನ ರಿಯಾಯಿತಿ ಟಿಕೆಟ್ ನೋಡಿ. ಅದು ಎಷ್ಟೋ ಬಾರಿ ಬಸ್ಸಿನ ದರದ ಸಮೀಪಕ್ಕೆ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಹೊರಟವರಿಗೆ ಬಸ್ಸೇ ಲೇಸು, ಆದಷ್ಟು ಹಗಲಿನದು. ಜರ್ಮನಿಯಲ್ಲಿ ಮೂರನೆಯ ದಾರಿಯೂ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ಮಾಸಿಕ ಟಿಕೆಟ್ಟಿಗೆ 2026ರ ಜನವರಿಯಿಂದ 63 ಯೂರೋ. ಅದರಲ್ಲಿ ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ ಸಂಚರಿಸಬಹುದು. ಅನೇಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಅದು ಶೇ. 60ರ ಬೆಲೆಗೆ ಸಿಗುತ್ತದೆ. ಅತಿವೇಗದ ರೈಲು ಹತ್ತುವಂತಿಲ್ಲ. ಹಲವು ಕಡೆ ಇಳಿದು ಬದಲಿಸಬೇಕು. ಮ್ಯೂನಿಕ್ಕಿಗೆ ಒಂಬತ್ತು ಗಂಟೆಗೂ ಮೀರಬಹುದು. ಆದರೆ ಟಿಕೆಟ್ ಈಗಾಗಲೇ ಕಿಸೆಯಲ್ಲಿರುವವರಿಗೆ ಹೆಚ್ಚುವರಿ ಖರ್ಚಿಲ್ಲ.

ನಮ್ಮ ಹುಡುಗಿ ಹೋಗುವಾಗ ಮುಂಗಡ ಕಾದಿರಿಸಿದ ರೈಲಿನಲ್ಲಿ ಹೋದಳು. ಬರುವಾಗ ಅವಸರವಿರಲಿಲ್ಲವೆಂದು ಹಗಲಿನ ಬಸ್ಸಿನಲ್ಲಿ ಬಂದಳು. ಅವಳ ತಂದೆಗೆ ಈ ವಿಷಯ ಹೇಳಿದಾಗ ಅವರು, "ತೋಟಕ್ಕೆ ಗೊಬ್ಬರ ಹಾಕುವಾಗಲೂ ಹೀಗೇ ಅಲ್ಲವೇ, ಯಾವುದು ಎಲ್ಲಿಗೆ ಬೇಕೋ ಅಲ್ಲಿಗೆ ಅಷ್ಟೇ" ಎಂದರು. ನನ್ನ ಇಡೀ ಉಪನ್ಯಾಸವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.